ಸದ್ದಿಗೆ ಬೆದರುವ ಮಕ್ಕಳ ಕೊಠಡಿಗೆ ತಮಟೆಯ ಉದ್ಘಾಟನೆ

ಮಾನ್ಯ ಅಧಿಕಾರಿಗಳೇ,

ಜಿಲ್ಲೆಯ ಸಮಸ್ತ ಮಹಾಜನತೆಗೆ ಈ ಮೂಲಕ ಘೋಷಿಸುವುದೇನೆಂದರೆ, ನನ್ನ ಮೊಮ್ಮಗಳು ಅರ್ಪಿತ ಸಂಕ್ರಾಂತಿಯ ಮರುದಿನ ಚಪ್ಪಲಿ ಹಾಕಿಕೊಂಡಳು. ಎರಡೂ ಕಾಲಿಗೆ. ತಾನಾಗಿಯೇ. ಐದು ವರ್ಷದ ಮಗು ಚಪ್ಪಲಿ ಮೆಟ್ಟಿದ್ದೂ ಒಂದು ಸುದ್ದಿಯೇ ಎಂದು ತಾವು ಕೇಳಬಹುದು. ಈಗ ಅವಳು ಮತ್ತೆ ಬರಿಗಾಲಿನಲ್ಲಿದ್ದಾಳೆ, ಅದಕ್ಕೆ ಕಾರಣ ತಾವು. ಆದ್ದರಿಂದ ಸುದ್ದಿಯೇ.

ಅರ್ಪಿತಳಿಗೆ ಈ ಲೋಕವೇ ಸ್ವಲ್ಪ ಜಾಸ್ತಿ. ಅಂಗಿಯ ಹೊಲಿಗೆ ಚುಚ್ಚುತ್ತದೆ, ಬಾಚಣಿಗೆ ತಾಗಿದರೆ ತಲೆ ಉರಿಯುತ್ತದೆ, ಕುಕ್ಕರ್ ಕೂಗಿದರೆ ಅವಳು ಮಂಚದ ಕೆಳಗೆ. ನಮ್ಮ ಮನೆಯೋ ದೇವನಹಳ್ಳಿಗೆ ಇಳಿಯುವ ವಿಮಾನಗಳ ದಾರಿಯ ಕೆಳಗಿದೆ. ಮಗ ದೇವರಾಜ್ ಅದೇ ವಿಮಾನಗಳಿಗೆ ಲಗೇಜು ತುಂಬುವವನು. ಅವನ ಅನ್ನ ನೆತ್ತಿಯ ಮೇಲೆ ಹಾರಿದಾಗಲೆಲ್ಲ ಅವನ ಮಗಳು ಕಿವಿ ಮುಚ್ಚಿಕೊಂಡು ಚೀರುತ್ತಾಳೆ.

ಇದಕ್ಕೆ ತಕ್ಕ ಚಿಕಿತ್ಸೆ ಹುಡುಕಿ ನಾವು ಕಡಿಮೆ ಅಲೆಯಲಿಲ್ಲ. “ದೃಷ್ಟಿ ಕಣಮ್ಮ, ತಾಯ್ತ ಕಟ್ಸು” ಎಂದು ಪಕ್ಕದ ಮನೆಯ ನರಸಮ್ಮ ನನ್ನ ಸೊಸೆಗೆ ಹೇಳಿದರು. ಕಟ್ಟಿಸಿದೆವು, ಮಗು ತಾಯಿತದ ದಾರಕ್ಕೂ ಅತ್ತಿತು. “ಬರೀ ಹಠ. ಎರಡು ಬಿಡಿ, ಸರಿಹೋಗ್ತಾಳೆ” ಎಂದರು ಒಬ್ಬ ಡಾಕ್ಟರು. ನಗರದ ಎ.ಸಿ. ಹಾಕಿದ ಚಿಕಿತ್ಸಾ ಕೇಂದ್ರವೊಂದರಲ್ಲಿ ನಮ್ಮನ್ನು ಗಾಜಿನ ಹೊರಗೆ ಕೂರಿಸಿ, ಒಳಗೆ ಇಬ್ಬರು ಮಗುವನ್ನು ಹಿಡಿದು ಅದರ ಕೈಗಳನ್ನು ಶೇವಿಂಗ್ ಕ್ರೀಮಿನ ನೊರೆಗೆ ಅದ್ದಿದರು. “ಅತ್ತು ಅತ್ತು ಅಭ್ಯಾಸ ಆಗುತ್ತೆ ಸಾರ್” ಎಂದರು. ಆಯಿತು. ಅವಳಿಗಲ್ಲ, ಅವರಿಗೆ.

ಆಗ ತಮ್ಮ ಇಲಾಖೆ ಯಾರಿಗೂ ತಿಳಿಯದಂತೆ ಒಂದು ಒಳ್ಳೆಯ ಕೆಲಸ ಮಾಡಿಬಿಟ್ಟಿತು. ಹೋಬಳಿಯ ಹಳೆಯ ಪಶು ಆಸ್ಪತ್ರೆಯ ಹಿಂದಿನ ಕೊಠಡಿಗೆ ‘ಔದ್ಯೋಗಿಕ ಚಿಕಿತ್ಸೆ’ (ಆಕ್ಯುಪೇಷನಲ್ ಥೆರಪಿ) ಎಂಬ ಬೋರ್ಡು ಬಂತು. “ಕೂಸಿಗೂ ಏರ್‌ಪೋರ್ಟಲ್ಲಿ ಕೆಲ್ಸ ಕೊಡುಸ್ತಾರೇನ್ಲಾ?” ಎಂದು ನಮ್ಮೂರ ಬೈರಣ್ಣ ನನ್ನ ಮಗನನ್ನು ಛೇಡಿಸಿದ. ಒಳಗೆ ಹರ್ಷಿತ ಎಂಬ ಚಿಕಿತ್ಸಕಿ ಇದ್ದಳು. ಮೊದಮೊದಲು ಆಕೆ ಮಗುವನ್ನು ಮುಟ್ಟಲೇ ಇಲ್ಲ. ಅರ್ಪಿತ ಒಂದು ಮೂಲೆಯಲ್ಲಿ ಕೂತರೆ ಆಕೆ ಎದುರು ಮೂಲೆಯಲ್ಲಿ ಕೂತಳು.

“ಏನೂ ಮಾಡ್ತಿಲ್ವಲ್ಲಮ್ಮ” ಎಂದೆ.

“ಅವಳಾಗೇ ಬರ್ಲಿ ತಾತ. ನಾವು ಹಿಡ್ಕೊಂಡ್ರೆ ಬಿಡಿಸ್ಕೊಳ್ಳೋದು ಮಾತ್ರ ಕಲೀತಾಳೆ.”

ಅವಳಾಗಿಯೇ ಬಂದಳು. ಆಮೇಲೆ ಬಟ್ಟೆಯ ಜೋಕಾಲಿ ಬಂತು, ಪಾದಗಳನ್ನು ಮರಳಿನಲ್ಲಿ ಹೂತು ಆಡುವುದು ಬಂತು, ಕಡೆಗೆ ಚಪ್ಪಲಿ.

ಆದರೆ ಟೇಪು ಕತ್ತರಿಸದ ಕೊಠಡಿಯಲ್ಲಿ ಮಕ್ಕಳು ಸುಧಾರಿಸುವುದೆಂದರೆ ಎಂಥ ಅಪಚಾರ? ಫೆಬ್ರವರಿಯಲ್ಲಿ ತಾವು ಬಂದಿರಿ. ಸದ್ದಿಗೆ ಬೆದರುವ ಮಕ್ಕಳ ಬಾಗಿಲಲ್ಲಿ ತಮಟೆ ಬಡಿಯಿತು, ಪಟಾಕಿ ಸಿಡಿಯಿತು. ಅರ್ಪಿತಳನ್ನು ‘ಫಲಾನುಭವಿ’ ಎಂದು ವೇದಿಕೆಗೆ ಎತ್ತಿಕೊಂಡು ಹೋದರು. ಜರಿಪೇಟ, ಶಾಲು, ಸುಗಂಧರಾಜದ ಹಾರ. ಅವಳ ಮೈಗೆ ಆಗದ್ದನ್ನೆಲ್ಲ ಹುಡುಕಿ ತಂದಂತೆ ಒಂದೇ ಸಲಕ್ಕೆ ಹೊದಿಸಿದಿರಿ.

“ಸಾರ್, ಹಾರ ತೆಗೀರಿ, ಮೈಕ್ ಆರ್ಸಿ” ಎಂದು ಹರ್ಷಿತ ಕೆಳಗಿನಿಂದ ಕೈಮುಗಿದಳು.

“ಐದೇ ನಿಮ್ಷ ಕಣಮ್ಮ, ಫೋಟೊ ಒಂದಾಗ್ಬಿಡ್ಲಿ” ಎಂದರು ವ್ಯವಸ್ಥೆಯ ಹೊಣೆ ಹೊತ್ತಿದ್ದ ಕಾಂತರಾಜು.

ಮಗು ಹಾರವನ್ನು ಕಚ್ಚಿ ಹರಿಯಿತು, ಬಟ್ಟೆ ಒದ್ದೆ ಮಾಡಿಕೊಂಡಿತು, ವೇದಿಕೆಯ ಹಲಗೆಗೆ ಹಣೆ ಚಚ್ಚಿಕೊಂಡಿತು. ಹರ್ಷಿತ ಮೇಲೆ ಹತ್ತಿ ಮೈಕಿನ ವೈರು ಕಿತ್ತಳು, ಮಗುವನ್ನು ಒಳಗೆ ಒಯ್ದಳು. ಮರುದಿನ ಪತ್ರಿಕೆಯಲ್ಲಿ ಬಂದ ಚಿತ್ರದ ಕೆಳಗೆ ‘ಫಲಾನುಭವಿ ಬಾಲಕಿಯ ಆನಂದಬಾಷ್ಪ’ ಎಂದಿತ್ತು. ಹಣೆಯ ರಕ್ತ ಕಂಡಿದ್ದರೆ ಕುಂಕುಮವೆಂದು ಬರೆಯುತ್ತಿದ್ದರೇನೋ.

ವೈರು ಕಿತ್ತದ್ದಕ್ಕೆ ಹರ್ಷಿತಳಿಗೆ ಕಾರಣ ಕೇಳಿ ನೋಟಿಸು, ಆಮೇಲೆ ಜಿಲ್ಲಾ ಕಚೇರಿಗೆ ನಿಯೋಜನೆ. ಮಕ್ಕಳನ್ನು ನೋಡಬೇಕಾದವಳು ಅಲ್ಲಿ ಕಂಪ್ಯೂಟರಿಗೆ ಅಂಕಿ ತುಂಬುತ್ತಾಳಂತೆ. ಇಲ್ಲಿ ಕೊಠಡಿಗೆ ಬೀಗ, ಒಳಗೆ ತಮ್ಮ ಸಮಾರಂಭದ ಕುರ್ಚಿಗಳು. ಅರ್ಪಿತ ಈಗ ತಟ್ಟೆಯ ಸದ್ದಿಗೂ ಬೆಚ್ಚುತ್ತಾಳೆ. “ಮಾವ, ನನ್ ಕೈ ಅಂದ್ರೂ ಹೆದರ್ತಾಳಲ್ಲ” ಎಂದು ನನ್ನ ಸೊಸೆ ಒಲೆಯ ಮುಂದೆ ಅಳುತ್ತಾಳೆ. ಅದು ಆನಂದಬಾಷ್ಪವಲ್ಲ ಎಂದು ನಾನು ದೃಢೀಕರಿಸಬಲ್ಲೆ. ಬೇಕಿದ್ದರೆ ಸೀಲು ಹಾಕಿಸಿ ಕಳಿಸುತ್ತೇನೆ.

ನನ್ನ ಒತ್ತಾಯ ಇಷ್ಟೆ: ನಿಯೋಜನೆ ರದ್ದು ಮಾಡಿ, ಹರ್ಷಿತಳನ್ನು ಆ ಕೊಠಡಿಗೇ ಹಿಂದಕ್ಕೆ ಕಳಿಸಿ. ಬೇರೆಯವರು ಸಿಗುತ್ತಾರೆ ಎನ್ನಬೇಡಿ. ಸಿಕ್ಕವರನ್ನೆಲ್ಲ ನೋಡಿಯೇ ನಾವು ಆಕೆಯ ಬಳಿಗೆ ಬಂದದ್ದು. ಬರುವ ಜೂನ್‌ಗೆ ಮಗುವನ್ನು ಶಾಲೆಗೆ ಸೇರಿಸಬೇಕು. ಯಾರ ಕೈಯನ್ನೂ ಹಿಡಿಯದ ಮಗುವನ್ನು ಯಾವ ಶಾಲೆಗೆ ಒಯ್ಯಲಿ?

ಆದೇಶ ಹೊರಡಲು ಕಾಲ ಹಿಡಿದೀತು, ಬಲ್ಲೆ. ಅಷ್ಟರಲ್ಲಿ ಒಂದು ಸಣ್ಣ ಉಪಕಾರ ಮಾಡಿ. ಆ ಆವರಣದ ಗೇಟಿನ ಕಂಬದ ಮೇಲೆ ಅಂದು ಕಟ್ಟಿದ ಹಾರ್ನ್ ಸ್ಪೀಕರ್ ಇನ್ನೂ ಕೂತಿದೆ. ಸಂಜೆ ಹೊತ್ತು ಅರ್ಪಿತಳನ್ನು ರಸ್ತೆಯ ಆಚೆ ಬದಿಯವರೆಗೆ ನಡೆಸಿಕೊಂಡು ಹೋಗುತ್ತೇನೆ. ಅದು ಸುಮ್ಮನಿದ್ದರೂ ಅವಳು ಅದನ್ನೇ ನೋಡುತ್ತ ಕಿವಿ ಮುಚ್ಚಿಕೊಂಡು ನಿಂತುಬಿಡುತ್ತಾಳೆ. ಯಾರಿಗಾದರೂ ಹೇಳಿ ಅದನ್ನು ಬಿಚ್ಚಿಸಿ. ಬಿಚ್ಚುವವರು ‘ಹಲೋ, ಮೈಕ್ ಟೆಸ್ಟಿಂಗ್’ ಎನ್ನದಿರುವಂತೆ ನೋಡಿಕೊಳ್ಳಿ.

ಇಂತಿ,
ತಮ್ಮಿಂದ ಸನ್ಮಾನಿತಳಾದ ಮಗುವಿನ ತಾತ,
ವೆಂಕಟರಾಯಪ್ಪ
(ನಲ್ಲೂರಿನ ಆಸುಪಾಸು)