ಇಬ್ಬರು ಎಣಿಸಿದ ಹಕ್ಕಿಗಳು

ಫೆಬ್ರವರಿ 9, ಭಾನುವಾರ

ಪ್ರೀತಿಯ ಅಕ್ಕ,

ನಿನ್ನ ಎರಡು ಕಾಗದಗಳೂ ತಲುಪಿವೆ. ಒಂದಕ್ಕೂ ಉತ್ತರ ಬರೆಯದ್ದಕ್ಕೆ ಬೈಯುವುದಿದ್ದರೆ ಈಗಲೇ ಬೈದು ಮುಗಿಸಿ, ಆಮೇಲೆ ಓದು. ಕೆಲಸದ ನೆಪ ಹೇಳುವಂತಿಲ್ಲ. ಕಡಲು ಏರಿದ ಹೊತ್ತಿನಲ್ಲಿ ಮೂರು ಗಂಟೆ ದುಡಿದರೆ ಮಿಕ್ಕ ಹೊತ್ತೆಲ್ಲ ಬೂಟಿನ ಕೆಸರು ಕೆರೆಯುತ್ತಾ ಕೂರುವುದೇ. ನಿನ್ನ ಪುಟ್ಟಿ ಬರೆದು ಕಳಿಸಿದ ಹಕ್ಕಿಯ ಚಿತ್ರ ನನ್ನ ಮೇಜಿನ ಮೇಲಿದೆ. ಅದಕ್ಕೆ ನಾಲ್ಕು ಕಾಲು ಏಕೆ ಎಂದು ಇಲ್ಲಿಯವರೆಲ್ಲ ಕೇಳುತ್ತಾರೆ. ಹೊಸ ಜಾತಿ ಎಂದು ಹೇಳಿದ್ದೇನೆ.

'ಹಕ್ಕಿ ಎಣಿಸಿ ಏನು ಮಾಡ್ತೀರೇ, ಉಪ್ಪಿನಕಾಯಿ ಹಾಕ್ತೀರಾ?' ಎಂದು ನೀನು ಕೇಳಿದ್ದೆ. ನದಿ ಕಡಲು ಸೇರುವಲ್ಲಿ ಹರಡಿಕೊಂಡ ಈ ಕೆಸರು ಬಯಲಿಗೆ ಚಳಿ ದೇಶಗಳಿಂದ ಉಲ್ಲಂಕಿಗಳು ಬರುತ್ತವೆ. ಮುಷ್ಟಿಯಷ್ಟು ದೇಹ, ಕಡ್ಡಿ ಕಾಲು, ಕೆಸರು ಚುಚ್ಚುವ ಉದ್ದ ಕೊಕ್ಕು. ನೀರು ಇಳಿದಾಗ ಮೈಲಿಗಟ್ಟಲೆ ಚದುರಿ ಮೇಯುತ್ತವೆ. ನೀರು ಏರಿದಾಗ ಒಳತೊರೆಯ ಮರಳುದಿಣ್ಣೆಯ ಮೇಲೆ ಒತ್ತೊತ್ತಾಗಿ, ಎಲ್ಲವೂ ಗಾಳಿಗೆ ಮುಖ ಕೊಟ್ಟು ನಿಲ್ಲುತ್ತವೆ. ಎಣಿಸುವುದು ಆಗಲೇ. ಈ ವರ್ಷದ ಎಣಿಕೆ ನೋಡಿ, ಒಳತೊರೆಯನ್ನು ದೋಣಿಗಳಿಗೆ ಮುಚ್ಚಿಡಬೇಕೋ ತೆರೆಯಬೇಕೋ ಎಂದು ಮೇಲಿನ ಕಚೇರಿ ತೀರ್ಮಾನಿಸುತ್ತದೆ. ದೋಣಿ ಬಂದರೆ ಹಕ್ಕಿಗಳಿಗೆ ಕಾಲೂರಲು ಬೇರೆ ಜಾಗವಿಲ್ಲ.

ಒಂದೊಂದಾಗಿ ಎಣಿಸಲು ಆಗುವುದಿಲ್ಲ. ಹತ್ತು ಹಕ್ಕಿ ಎಷ್ಟು ಜಾಗ ಹಿಡಿಯುತ್ತವೆ ಎಂದು ಕಣ್ಣಿಗೆ ಕಲಿಸಿ, ಆ ಅಳತೆಯನ್ನೇ ಗುಂಪಿನ ಮೇಲೆ ಹಾಸುತ್ತಾ ಹೋಗಬೇಕು. ನಮ್ಮ ಮುಖ್ಯಸ್ಥೆ ಇದನ್ನು ಅಂಗಿ ಗುಂಡಿಗಳಿಂದ ಕಲಿಸಿದರು. ಮೇಜಿನ ಮೇಲೆ ಒಂದು ಹಿಡಿ ಚೆಲ್ಲಿ, ಮೂರು ಎಣಿಸುವಷ್ಟರಲ್ಲಿ ಬಟ್ಟೆ ಮುಚ್ಚಿ, 'ಎಷ್ಟು?' ಎನ್ನುತ್ತಾರೆ. ಅವರ ಪಿಎಚ್‌ಡಿಯಿಂದಾಗಿ ಎಲ್ಲರಿಗೂ ಅವರು ಡಾಕ್ಟರಮ್ಮ. ಆ ಹೆಸರನ್ನು ನಂಬಿ ಮೀನುಗಾರರು ಕೆಮ್ಮಿನ ಔಷಧಿಗೂ ಬರುತ್ತಾರೆ. ಅವರು ಕೊಟ್ಟೂ ಕಳಿಸುತ್ತಾರೆ.

ನನ್ನನ್ನು ತೆಗೆದುಕೊಂಡದ್ದು ವರದಿ ಬರೆಯಲು. ಎರಡನೇ ಎಣಿಕೆಗಾರ ಓದಲು ಹೊರಟುಹೋದ ಮೇಲೆ ಆ ಜಾಗವೂ ನನ್ನ ಪಾಲಿಗೆ ಬಂತು. ಮೊದಲನೆಯವರು ಇಪ್ಪತ್ತೆಂಟು ವರ್ಷದಿಂದ ಇಲ್ಲಿರುವ ಕಾವಲುಗಾರರು. ಕೈಗಡಿಯಾರವಿಲ್ಲದೆ ನೀರು ಏರುವ ನಿಮಿಷ ಹೇಳುವುದರಿಂದ ಅವರನ್ನು ಗಡಿಯಾರ ಎಂದೇ ಕರೆಯುತ್ತಾರೆ. ಮೊದಲ ದಿನವೇ, 'ಎಂ.ಎ. ಮಾಡಿದೀಯಂತೆ. ಹತ್ತರ ಮೇಲೆ ಎಣಿಸೋಕೆ ಬರುತ್ತಾ, ಇಲ್ಲ ಪದ್ಯ ಹೇಳ್ತೀಯಾ?' ಎಂದು ಕೇಳಿದರು. ನಾನು ತಲೆಯಾಡಿಸಿದೆ. ಯಾವುದಕ್ಕೆ ಆಡಿಸಿದೆನೋ ನನಗೇ ತಿಳಿಯದು.

ಕಂಬಗಳ ಮೇಲಿನ ಮರದ ಗುಡಿಸಲಲ್ಲಿ, ನಡುವೆ ಒಂದು ಹಲಗೆ ಇಟ್ಟುಕೊಂಡು, ಇಬ್ಬರೂ ಒಂದೇ ಗುಂಪನ್ನು ಬೇರೆ ಬೇರೆಯಾಗಿ ಎಣಿಸಬೇಕು. ಇಬ್ಬರೂ ಬರೆದು ಮುಗಿಸುವ ತನಕ ಮಾತಾಡಬಾರದು. ಆದರೆ ಗಡಿಯಾರದವರಿಗೆ ಕಿವಿ ಸ್ವಲ್ಪ ಮಂದ. ತಮಗೇ ಹೇಳಿಕೊಳ್ಳುವುದು ಊರಿಗೇ ಕೇಳುತ್ತದೆ. ಒಂದು ದಿನ 'ನಾನೂರ ಅರವತ್ತು' ಎಂದರು. ನನ್ನ ಪುಸ್ತಕದಲ್ಲಿ ಐನೂರ ಹತ್ತು ಇತ್ತು. ಇಪ್ಪತ್ತೆಂಟು ವರ್ಷ ಎಲ್ಲಿ, ಮೂರು ವಾರದ ನಾನೆಲ್ಲಿ? ರಬ್ಬರಿನಿಂದ ಅಳಿಸಿ ನಾನೂರ ಅರವತ್ತು ಎಂದು ಬರೆದೆ. ನಿನಗೆ ನನ್ನ ಸ್ವಭಾವ ಗೊತ್ತಲ್ಲ. ಮರುದಿನವೂ ಹಾಗೇ. ಆಮೇಲೆ ಅದೇ ರೂಢಿಯಾಯಿತು. ಎರಡು ಪುಸ್ತಕಗಳೂ ಹೊಂದಿದಾಗ, ಕಲಿತುಬಿಟ್ಟೆ ಎಂದು ಹೆಮ್ಮೆಯೂ ಆಗುತ್ತಿತ್ತು. ನಾಚಿಕೆಯ ಮಾತು, ಆದರೆ ನಿಜ.

ಹೋದ ಸೋಮವಾರ ಡಾಕ್ಟರಮ್ಮ ಎರಡು ಪುಸ್ತಕಗಳನ್ನೂ ಪಕ್ಕಪಕ್ಕ ತೆರೆದಿಟ್ಟರು. 'ನಲವತ್ತೆರಡು ದಿನದಲ್ಲಿ ಮೂವತ್ತೇಳು ದಿನ ಇಬ್ಬರದ್ದೂ ಒಂದೇ. ನಲವತ್ತು ವರ್ಷ ಸಂಸಾರ ಮಾಡಿದ ಗಂಡ ಹೆಂಡ್ತಿನೂ ಇಷ್ಟು ಒಪ್ಪಲ್ಲ,' ಎಂದರು. ನಗುತ್ತಿರಲಿಲ್ಲ. 'ಯಾರು ಯಾರದ್ದು ನೋಡಿ ಬರೆದ್ರಿ?'

ಗಡಿಯಾರದವರು ನನ್ನ ಕಡೆ ಒಮ್ಮೆ ನೋಡಿ, 'ನಾನೇ ಅಮ್ಮಾ. ಕಣ್ಣು ಮಂಜಾಗಿದೆ. ಹುಡುಗಿ ಪುಸ್ತಕ ಇಣುಕಿ ನೋಡ್ತಿದ್ದೆ,' ಎಂದರು.

'ನಿಜವಾ?' ಎಂದು ಡಾಕ್ಟರಮ್ಮ ನನ್ನನ್ನು ಕೇಳಿದರು.

ಅಕ್ಕ, ನಾನು ಆಗಲೂ ತಲೆಯಾಡಿಸಿದೆ.

ಗಡಿಯಾರದವರು ಇನ್ನು ಎಣಿಸುವುದು ಬೇಡ, ಬೇಲಿ ಕೆಲಸ ನೋಡಿಕೊಳ್ಳಲಿ ಎಂದು ತೀರ್ಮಾನವಾಯಿತು. ಅವರು ದುರ್ಬೀನನ್ನು ಚೀಲದಿಂದ ತೆಗೆದು, ಗಾಜನ್ನು ಅಂಗಿಯ ಅಂಚಿನಿಂದ ಒರೆಸಿ, ಮೇಜಿನ ಮೇಲಿಟ್ಟು ಹೋದರು. ಹಿಂದೆಯೇ ಓಡಿ, ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. 'ನಂಗೆ ಇನ್ನೆಂಟು ತಿಂಗಳು ಸರ್ವೀಸು. ನಿಂದು ಈಗ ತಾನೇ ಶುರು. ಹೋಗು, ಹೋಗು, ಟೀ ಕುಡಿ,' ಎಂದರು.

ಟೀ ಕುಡಿಯಲಿಲ್ಲ. ವಾಪಸ್ ಹೋಗಿ ಬಾಗಿಲಲ್ಲೇ ನಿಂತು ಹೇಳಿದೆ, 'ಅವರಲ್ಲ ಮೇಡಂ, ನಾನು. ಅಳಿಸಿ ಬರೆದೆ.' ನನ್ನ ಧ್ವನಿ ನನಗೇ ಅಪರಿಚಿತವಾಗಿತ್ತು.

ಅವರು ಬೈಯಲಿಲ್ಲ. ಪುಟವನ್ನು ಟಾರ್ಚಿನ ಬೆಳಕಿಗೆ ಓರೆಯಾಗಿ ಹಿಡಿದರು. ಅಳಿಸಿದ ಪೆನ್ಸಿಲ್ಲಿನ ಒತ್ತು ಕಾಗದದಲ್ಲಿ ಹಾಗೇ ಉಳಿದಿತ್ತು. ಸಂಜೆಯವರೆಗೆ ಕುಳಿತು ಹತ್ತೊಂಬತ್ತು ದಿನದ ಅಂಕಿ ಓದಿದೆವು. ಹೆಚ್ಚು ಕಡಿಮೆ ಎಲ್ಲ ದಿನವೂ ನನ್ನದೇ ದೊಡ್ಡ ಸಂಖ್ಯೆ. ನಾನು ಕೂರುವ ಮೂಲೆಯಿಂದ ದಿಣ್ಣೆಯ ಹಿಂದಿನ ಹುಲ್ಲಂಚು ಕಾಣುತ್ತದೆ, ಗಡಿಯಾರದವರ ಕಡೆಯಿಂದ ಕಾಣುವುದಿಲ್ಲ. ಅಲ್ಲಿ ಬಗ್ಗಿ ಕುಳಿತ ಹಕ್ಕಿಗಳನ್ನು ನಾನೊಬ್ಬಳೇ ನೋಡಿ, ನಾನೇ ಅಳಿಸಿದ್ದೆ.

'ಇಬ್ಬರನ್ನ ಕೂರಿಸೋದು ಒಪ್ಪಲಿ ಅಂತ ಅಲ್ಲ ಕಣಮ್ಮ,' ಎಂದರು ಡಾಕ್ಟರಮ್ಮ. 'ಅವರಿಗೆ ಕಂಡು ನಿನಗೆ ಕಾಣದ್ದು, ನಿನಗೆ ಕಂಡು ಅವರಿಗೆ ಕಾಣದ್ದು, ಇವೆರಡು ಗೊತ್ತಿದ್ರೆ ಇಬ್ಬರಿಗೂ ಕಾಣದೆ ಹೋದದ್ದು ಎಷ್ಟಿರಬಹುದು ಅಂತ ಲೆಕ್ಕ ಹಾಕಬಹುದು. ನೀನು ಒಪ್ಪಿಬಿಟ್ರೆ ಅದಕ್ಕೆ ದಾರಿನೇ ಇಲ್ಲ.' ಕಾಣದ್ದಕ್ಕೂ ಲೆಕ್ಕವೊಂದಿದೆ ಎಂಬ ಬೆರಗಿನಲ್ಲಿ ನನಗೆ ಅಂದು ನಿದ್ದೆ ಬರಲಿಲ್ಲ.

ಆರು ವಾರದ ಎಣಿಕೆ ವರದಿಯಿಂದ ಹೋಯಿತು. ಓದಲು ಸಿಕ್ಕ ಹತ್ತೊಂಬತ್ತು ದಿನವನ್ನೂ ಸೇರಿಸುವಂತಿಲ್ಲ. ಉಳಿದಿರುವುದು ಐದೇ ವಾರ. ಅಷ್ಟನ್ನು ಮೇಲಿನ ಕಚೇರಿ ಒಪ್ಪುತ್ತದೋ, ತೊರೆ ತೆರೆದುಬಿಡುತ್ತದೋ, ಯಾರಿಗೂ ಗೊತ್ತಿಲ್ಲ. ಮೊದಲ ಎಣಿಕೆ ಏಕೆ ಬಿಟ್ಟಿದೆ ಎಂಬ ಟಿಪ್ಪಣಿಯನ್ನು ನಾನೇ ಬರೆದು ಸಹಿ ಹಾಕಬೇಕಾಯಿತು. ನಾಲ್ಕು ಸಾಲು. ಎಂ.ಎ. ಮಾಡಿದವಳಿಗೆ ಹನ್ನೊಂದು ಸಲ ತಿದ್ದಬೇಕಾಯಿತು. ಗಡಿಯಾರದವರು ಮತ್ತೆ ಹಲಗೆಯ ಆಚೆ ಕೂರುತ್ತಾರೆ. ಈಗ ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಎಣಿಸುತ್ತಾರೆ. ನಾಲ್ಕು ದಿನ ನನ್ನೊಂದಿಗೆ ಮಾತು ಬಿಟ್ಟಿದ್ದರು. ನಿನ್ನೆ ನನ್ನ ಪುಸ್ತಕ ನೋಡಿ, 'ಎಪ್ಪತ್ತು ಜಾಸ್ತಿ ಬರೆದಿದೀಯಲ್ಲ, ರೆಕ್ಕೆ ಬೇರೆ ಬೇರೆ ಎಣಿಸಿದ್ಯಾ?' ಎಂದರು. ಅದು ಅವರ ರಾಜಿ.

ನಿನ್ನ ಬೆನ್ನುನೋವಿಗೆ ಬಿಸಿನೀರಿನ ಚೀಲ ಬಿಡಬೇಡ. ಪುಟ್ಟಿ ನಿನ್ನಷ್ಟು ಗಟ್ಟಿಯಾಗಿ, ನನಗಿಂತ ಬೇಗ ಬಾಯಿಬಿಡುವವಳಾಗಿ ಬೆಳೆಯಲಿ. ನಿನ್ನ ತಲೆಯ ಮೇಲೆ ಕೈಯಿಡುವ ವಯಸ್ಸು ನನ್ನದಲ್ಲ, ಆದರೂ ಇಟ್ಟಿದ್ದೇನೆ ಎಂದುಕೊ.

ನಿನ್ನ,
ಚಿಕ್ಕಿ

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಉಳಿಸಿಕೊಂಡದ್ದು: ಈ ಕಾಗದ ಭಾವನ ಕೈಗೆ ಸಿಗಬಾರದೆಂದು ನಿನ್ನ ಶಾಲೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಮೂರು ವರ್ಷದ ಹಿಂದೆ ನೀನು ಚೀಲ ಹಿಡಿದು ಮನೆಗೆ ಬಂದಾಗ, ದೊಡ್ಡಪ್ಪ ನಮ್ಮನ್ನೆಲ್ಲ ಕೂರಿಸಿ ಭಾವನಲ್ಲಿ ಏನಾದರೂ ಕುಂದು ಕಂಡಿದ್ದೀರಾ ಎಂದು ಒಬ್ಬೊಬ್ಬರನ್ನೇ ಕೇಳಿದರು. ಎಲ್ಲರೂ ಇಲ್ಲ ಎಂದರು. ಕೊನೆಗೆ ನಾನು. ಅದಕ್ಕೆ ಹಿಂದಿನ ತಿಂಗಳಷ್ಟೇ ನಿಮ್ಮ ಮನೆಯಲ್ಲಿ ಎರಡು ವಾರ ಇದ್ದು ಬಂದಿದ್ದೆ. 'ನನಗೂ ಹಾಗೇ ಅನ್ಸುತ್ತೆ' ಎಂದೆ. ನೀನು ನನ್ನ ಮುಖವನ್ನೇ ನೋಡುತ್ತಿದ್ದೆ. ಮರುದಿನ ನೀನು ಆ ಮನೆಗೇ ವಾಪಸ್ ಹೋದೆ.

ನಾನು ನೋಡಿದ್ದು ಇದು. ಏಪ್ರಿಲ್ 14, ಬೆಳಗ್ಗೆ ಏಳೂವರೆ: ನೀನು ಅಡುಗೆಮನೆಯ ಒಳಗೆ, ಚಿಲಕ ಹೊರಗಿನಿಂದ, ಇಪ್ಪತ್ತು ನಿಮಿಷ. ಏಪ್ರಿಲ್ 17, ಸಂಜೆ: ಅದೇ ಬಾಗಿಲು, ಒಂದು ಗಂಟೆಗೂ ಹೆಚ್ಚು. ಏಪ್ರಿಲ್ 21: ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ, ಪುಟ್ಟಿ ಹೊರಗೆ ಅಳುತ್ತಿದ್ದಳು. ಮೂರು ಸಲವೂ ಚಿಲಕ ಹಾಕಿದ್ದು ಭಾವ. ನಾನು ಪಕ್ಕದ ಕೋಣೆಯಲ್ಲಿ ಪುಸ್ತಕ ಹಿಡಿದು ಕುಳಿತಿದ್ದೆ.

ಇದರ ಇನ್ನೊಂದು ಪ್ರತಿ ಬರೆದು ಸಹಿ ಹಾಕಿದ್ದೇನೆ. ನೀನು ಹೇಳಿದರೆ ದೊಡ್ಡಪ್ಪನ ಮುಂದೆ ನಾನೇ ನಿಂತು ಓದುತ್ತೇನೆ.