ನಾಲ್ಕು ಗಂಟೆಯ ನಂಬರು

ಮಾರ್ಚ್ 3, ಸೋಮವಾರ

ಟೀ. ಸುಟ್ಟ ಬ್ರೆಡ್ಡು. ಫೋನು ಇವತ್ತೂ ಸತ್ತಿದೆ, ಆರನೆಯ ದಿನ. ಆದರೂ ನಾಲ್ಕಕ್ಕೆ ಅದರ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಅಭ್ಯಾಸ.

ನನ್ನ ಹೆಂಡತಿ ಈನಿಡ್, ವೃದ್ಧಾಶ್ರಮ ಸೇರಿ ಎರಡು ವರ್ಷ. ಅವಳಿಗೆ ನನ್ನ ಮುಖ ಮರೆತಿದೆ. ಭಾನುವಾರ ಹೋದರೆ ಗ್ಯಾಸಿನವನು ಬಂದ ಅನ್ನುತ್ತಾಳೆ. ಮನೆಯ ನಂಬರು ಮಾತ್ರ ಮರೆತಿಲ್ಲ. ದಿನಾ ನಾಲ್ಕಕ್ಕೆ ತಾನೇ ಒತ್ತುತ್ತಾಳೆ. ನಾನು ಎತ್ತಿದರೆ ಅವಳಿಗೆ ನಾನು ಗಂಡ. ನಾನೇ ಅಲ್ಲಿಗೆ ಫೋನು ಮಾಡಿದರೆ, ಏನೋ ಮಾರುವವನೆಂದು ಇಟ್ಟುಬಿಡುತ್ತಾಳೆ.

ಮಾರ್ಚ್ 5

ಪಕ್ಕದ ಮನೆ ಗ್ಲೆನಿಸಳ ಮೊಬೈಲಿನಿಂದ ಫೋನು ಕಂಪನಿಗೆ. ಕಾಯಿಸುತ್ತ ನಲವತ್ತು ನಿಮಿಷ ಪಿಟೀಲು ಕೇಳಿಸಿದರು. ಆಮೇಲೆ ಯಾವುದೋ ಸಮುದ್ರದಾಚೆಯ ಹೆಣ್ಣುಮಗಳು.

"ಖಾತೆ ಈನಿಡ್ ಮೇಡಂ ಹೆಸರಲ್ಲಿದೆ ಸರ್. ಅವ್ರಿಗೇ ಫೋನ್ ಕೊಡಿ."

"ಅವಳಿಗೆ ತನ್ನ ಹೆಸರೇ ನೆನಪಿಲ್ಲ ಕಣಮ್ಮ."

"ಅರ್ಥ ಆಯ್ತು ಸರ್. ಅವ್ರಿಗೇ ಫೋನ್ ಕೊಡಿ."

ಬಾಯಿಗೆ ಬಂದದ್ದೆಲ್ಲ ಬೈದೆ. "ನಮ್ಮ ತಾತನೂ ಹೀಗೇ ಬೈತಾರೆ," ಅಂದಳು. "ಕಂಪ್ಯೂಟರ್ ಬಿಡ್ತಿಲ್ಲ ಸರ್, ನಾನೇನ್ ಮಾಡ್ಲಿ?"

ಹದಿನೈದನೇ ವಯಸ್ಸಿಗೇ ಹಡಗುಕಟ್ಟೆಯ ಕೆಲಸಕ್ಕೆ ಹೋದವನು ನಾನು. ಫಾರಂ ಕಂಡರೆ ಬೆವರು. ಎಲ್ಲ ನಿನ್ನ ಹೆಸರಲ್ಲೇ ಇರಲಿ ಎಂದು ಈನಿಡ್‌ಗೆ ಹೇಳಿದವನೂ ನಾನೇ.

ಮಾರ್ಚ್ 6

ಗ್ಲೆನಿಸ್ ಅದೇ ಕಂಪನಿಯಲ್ಲಿ, ಇಲ್ಲೇ ನಮ್ಮೂರು ಸಂಡರ್ಲ್ಯಾಂಡಿನಲ್ಲಿ, ಹನ್ನೊಂದು ವರ್ಷ ಫೋನೆತ್ತಿದವಳು. ಕೆಲಸ ಹೊರದೇಶಕ್ಕೆ ಸಾಗಿಸಿದಾಗ ಮನೆಗೆ ಕಳಿಸಿದರು.

"ಒಂದು ಮೇಜು ಮಾತ್ರ ಇಲ್ಲಿ ಉಳಿಸಿದ್ದಾರೆ, ವಿಲ್ಫ್. ಸತ್ತವರ ಖಾತೆ ನೋಡೋದು. ಎರಡನೇ ರಿಂಗಿಗೆ ಎತ್ತುತ್ತಾರೆ. ನಮ್ಮೂರೋರೇ."

"ನಮ್ಮನೇಲಿ ಯಾರೂ ಸತ್ತಿಲ್ಲ."

"ಸತ್ತಳು ಅನ್ನು ಪುಣ್ಯಾತ್ಮ. ಮನುಷ್ಯರು ಸಿಕ್ಕಮೇಲೆ ನಿಜ ಹೇಳು."

ಎರಡನೇ ರಿಂಗು. ನಮ್ಮೂರ ಮಾತೇ. ಹೆಂಡತಿ ಸತ್ತಳು ಅಂದೆ. "ಅಯ್ಯೋ ಪಾಪ... ಎಷ್ಟು ವರ್ಷದ ಸಂಸಾರ ತಾತ?" ಐವತ್ತೆಂಟು ಅಂದೆ. ಅಷ್ಟು ಮೆತ್ತಗೆ ಯಾರಾದರೂ ಕೇಳಿ ಬಹಳ ದಿನವಾಗಿತ್ತು. ನಿಜ ಬಾಯಿಗೆ ಬರಲಿಲ್ಲ. "ಎಲ್ಲಾ ನಾನ್ ನೋಡ್ಕೊಳ್ತೀನಿ, ಚಿಂತೆ ಬಿಡಿ." ಸರಿ ಅಂದೆ.

ಮಾರ್ಚ್ 11

ಕಾಗದ ಬಂತು. ಸಂತಾಪ. ಖಾತೆ ಮುಚ್ಚಿದ್ದಾರೆ. ನಂಬರು ರದ್ದು.

"ನಿಜ ಹೇಳು ಅಂದಿದ್ನಲ್ಲ ಮಾರಾಯ," ಅಂದಳು ಗ್ಲೆನಿಸ್.

ಟೀ ಕುಡಿದು ಲೋಟ ತೊಳೆದಿಟ್ಟೆ.

ಮಾರ್ಚ್ 27

ನಂಬರು ವಾಪಸು, ನನ್ನ ಹೆಸರಿಗೆ. ಕೊಡಿಸಿದವಳು ಆ ಸಮುದ್ರದಾಚೆಯವಳೇ. ಗ್ಲೆನಿಸ್ ದಿನಾ ಕಂಪನಿಗೆ ಫೋನು ಮಾಡಿ ಕಾಡಿ ಅವಳನ್ನೇ ಹಿಡಿದಳು. "ಇವತ್ತು ಬೈಲಿಲ್ವಲ್ಲ ಸರ್, ಹುಷಾರಿದ್ದೀರಾ?" ಅಂದಳು ಆ ಹೆಣ್ಣುಮಗಳು.

ನಾಲ್ಕಕ್ಕೆ ಕೂತೆ. ರಿಂಗಾಗಲಿಲ್ಲ.

ಮಾರ್ಚ್ 28

ಇವತ್ತೂ ಇಲ್ಲ. ಐದಕ್ಕೆ ವೃದ್ಧಾಶ್ರಮಕ್ಕೆ ನಾನೇ ಮಾಡಿದೆ. ನರ್ಸು ತಡವರಿಸಿದಳು.

"ಈ ಸೋಮವಾರದಿಂದ ನಂಬರು ಒತ್ತೋದಿಲ್ಲ ಅವ್ರು. 'ಈ ನಂಬರು ಅಸ್ತಿತ್ವದಲ್ಲಿಲ್ಲ' ಅಂತ ದಿನಾ ಕೇಳಿ ಕೇಳಿ... ವಿಲ್ಫ್ ಹೋಗ್ಬಿಟ್ಟ ಅಂದ್ರು. ಸೂತಕಕ್ಕೆ ಕಪ್ಪು ಸ್ವೆಟರು ಹಾಕ್ಕೊಂಡಿದ್ದಾರೆ. ನಾವು ಫೋನು ಕೊಟ್ರೆ ದೂಡ್ತಾರೆ."

"ಅತ್ತಳಾ?"

"ಇಲ್ಲ. ಟೀ ಕುಡಿದು ಲೋಟ ತೊಳೆದಿಟ್ರು."

ಮಾರ್ಚ್ 30, ಭಾನುವಾರ

ಒತ್ತು ಅನ್ನಲು ಅಲ್ಲಿರಬೇಕು. ಎತ್ತಲು ಇಲ್ಲಿರಬೇಕು. ಎರಡೂವರೆ ಬಸ್ಸಿಗೆ ಗ್ಲೆನಿಸಳನ್ನು ಕಳಿಸಿದ್ದೇನೆ. ಒಂದೇ ಒಂದು ಸಲ ಒತ್ತಿಸುತ್ತೇನೆ ಎಂದು ಹೋಗಿದ್ದಾಳೆ.

ಕುರ್ಚಿ ಹಾಕಿಕೊಂಡಿದ್ದೇನೆ. ನಾಲ್ಕಕ್ಕೆ ಎರಡು ನಿಮಿಷ. ಎತ್ತಿ ಏನನ್ನಲಿ? ನಾನು ಸತ್ತಿಲ್ಲ ಕಣೇ, ನಾನೇ ನಿನ್ನನ್ನ ಸತ್ತಳು ಅಂದು —