ಬಾಗಿಲಿಲ್ಲದ ಉಗ್ರಾಣ

ಕಾಂಬಿಯ
14 ಆಗಸ್ಟ್ 2016

ಮುದ್ದಿನ ಮಗಳು ಡೊರಿಕಾಗೆ,

ಅಮ್ಮನ ಮುತ್ತುಗಳು. ನಿನ್ನ ಎರಡು ಪತ್ರಗಳೂ ತಲುಪಿವೆ. ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಯಂಗೆನ್ ಕುಲದವರ ಜೊತೆ ಜಗಳ ಶುರುವಾದಾಗಿನಿಂದ ನೀನಿರುವ ಲಾಯೆ ಕಡೆಗೆ ಬಸ್ಸು ಬಿಟ್ಟಿರಲಿಲ್ಲ. ಮೇಲಾಗಿ ನಾನು ಮನೆಯಲ್ಲೇ ಇರಲಿಲ್ಲ. ಎಲ್ಲಿದ್ದೆ ಎಂದರೆ ನೀನು ನಗುತ್ತೀ. ಪೊಲೀಸ್ ಠಾಣೆಯ ಹಿಂದಿನ ಮದ್ದುಗುಂಡಿನ ಉಗ್ರಾಣದ ಹೊಸ್ತಿಲಲ್ಲಿ ಕೂತಿದ್ದೆ.

ಆ ಕಟ್ಟಡ ನಿನಗೆ ಗೊತ್ತಲ್ಲ, ಮಂತ್ರಿಗಳು ಬಂದು ರಿಬ್ಬನ್ ಕತ್ತರಿಸಿದ್ದು. ಗೋಡೆ ಎದ್ದಿತು, ಸೂರು ಬಂತು, ಗುಂಡಿನ ಪೆಟ್ಟಿಗೆಗಳೂ ಬಂದವು. ಬಾಗಿಲು ಮಾತ್ರ ಬರಲಿಲ್ಲ. ಬಂದ ಗುಂಡುಗಳಾದರೂ ನಮ್ಮ ಪೊಲೀಸರ ಹಳೆಯ ಬಂದೂಕಿಗೆ ಹೊಂದುವಂಥವಲ್ಲ. ರಾಜಧಾನಿಯಲ್ಲಿ ಯಾರೋ ಏನನ್ನೋ ನೋಡದೆ ತರಿಸಿದ್ದರು. ಆದರೆ ಗುಡ್ಡದಲ್ಲಿ ಬಡಿದಾಡುವವರು ಸೈನ್ಯದಿಂದ ಕದ್ದ ಬಂದೂಕುಗಳಿಗೆ ಅವು ಅಳತೆ ತೆಗೆದಂತೆ ಹೊಂದಿದವು. ಒಂದೊಂದೇ ಪೆಟ್ಟಿಗೆ ಮಾಯವಾಗತೊಡಗಿತು. ನಮ್ಮ ಕುಲದವರೂ ಕದ್ದರು, ಯಂಗೆನ್ ಕುಲದವರೂ ಕದ್ದರು. ಆ ಎರಡು ಗುಂಪುಗಳ ನಡುವೆ, ಶಾಲೆಯ ಮುಂದೆ, ಪೊಲೀಸ್ ಬಟ್ಟೆಯಲ್ಲೇ ನಿನ್ನ ಅಣ್ಣ ಟೋಬಿಯಾಸ್ ಗುಂಡು ತಗಲಿ ಬಿದ್ದ.

ಅವನನ್ನು ಮಣ್ಣು ಮಾಡಿದ ಮೇಲೆ ನಾನು ಇನ್ಸ್‌ಪೆಕ್ಟರ್ ಗೇಬ್ರಿಯಲ್ ಹತ್ತಿರ ಹೋದೆ.

"ರಾಜಧಾನಿಗೆ ಬರ್ದಿದ್ದೀವಮ್ಮ. ಬಾಗ್ಲು ಬರುತ್ತೆ," ಅಂದರು.

"ಬಾಗ್ಲು ಬರೋತನಕ ಕಳ್ಳರು ಕಾಯ್ತಾರಾ?"

ಅವರು ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದರು. "ಹಾಗಾದ್ರೆ ಅಲ್ಲೀತನಕ ನಾನೇ ಬಾಗ್ಲು," ಅಂದು ಹೋಗಿ ಕೂತುಬಿಟ್ಟೆ. ಸಂಜೆಯೊಳಗೆ ನಿನ್ನ ರುಂಬಿ ಅತ್ತೆ ಕಂಬಳಿ ಹೊತ್ತು ಬಂದಳು. ಆಮೇಲೆ ಚರ್ಚಿನ ಹೆಂಗಸರು ಚೀಲದ ತುಂಬ ಗೆಣಸು ತುಂಬಿಕೊಂಡು ಬಂದರು.

ಕೆಲವು ದಿನ ಕಳೆದ ಮೇಲೆ ಯಂಗೆನ್ ಹೆಂಗಸರು ಸಾಲಾಗಿ ಇಳಿದು ಬಂದರು. ಮುಂದೆ ಇದ್ದವಳು ಕೋಪಿಲ್. ಈ ಜಗಳದಲ್ಲಿ ಗಂಡನನ್ನು ಕಳೆದುಕೊಂಡವಳು. ರುಂಬಿಯ ನಾಲಿಗೆ ಸುಮ್ಮನಿರುತ್ತದೆಯೇ?

"ಏನಕ್ಕಾ, ದಾರಿ ತಪ್ಪಿತಾ?" ಅಂದಳು.

"ನಿಮ್ಮೋರು ಸತ್ತಿದ್ದೂ ಇದೇ ಗುಂಡಿಂದ, ನಮ್ಮೋರು ಸತ್ತಿದ್ದೂ ಇದೇ ಗುಂಡಿಂದ," ಅಂದಳು ಕೋಪಿಲ್. "ಸ್ವಲ್ಪ ಸರ್ಕೊಂಡು ಕೂತ್ಕೊಳ್ಳಿ. ಬಾಗ್ಲು ಅಗಲ ಇದೆ, ನೀವಷ್ಟೇ ಸಾಲಲ್ಲ."

ನಾವು ಸರಿದು ಕೂತೆವು.

ಮರುದಿನ ಹಗಲಲ್ಲೇ ನಮ್ಮ ಹುಡುಗರು ಬಂದೂಕು ಹಿಡಿದು ಬಂದರು. ಮುಂದೆ ನಿನ್ನ ಚಿಕ್ಕಪ್ಪನ ಮಗ ಪಯಸ್.

"ಎದ್ದೇಳು ದೊಡ್ಡಮ್ಮ. ಅಣ್ಣನ ಸೇಡು ತೀರಿಸ್ಬೇಕು. ನಿನ್ನ ಮಗನಿಗೋಸ್ಕರಾನೇ ಕೇಳ್ತಿರೋದು."

"ನನ್ನ ಮಗನ ಹೆಸರಲ್ಲಿ ಒಂದು ಗುಂಡೂ ಬೇಡ," ಅಂದೆ. "ಬೇಕೇ ಬೇಕಂದ್ರೆ ನನ್ನ ತುಳ್ಕೊಂಡು ಒಳಗೆ ಹೋಗು."

ಕೋಪಿಲ್ ನನ್ನ ಕೈ ಹಿಡಿದುಕೊಂಡಳು. ಹೆಂಗಸರಲ್ಲಿ ಒಬ್ಬಳೂ ಕದಲಲಿಲ್ಲ. ಪಯಸ್ ನನ್ನನ್ನು ನೋಡಿದ, ಅವಳನ್ನು ನೋಡಿದ. ಕೊನೆಗೆ ನೆಲಕ್ಕೆ ಉಗಿದು, ಹಿಂದಿರುಗಿ ನಡೆದುಬಿಟ್ಟ. ಹುಡುಗರೆಲ್ಲ ಅವನ ಹಿಂದೆಯೇ ಹೋದರು.

ಈ ಸುದ್ದಿ ರೇಡಿಯೋದಲ್ಲಿ ಬಂದ ಮೇಲೆ ರಾಜಧಾನಿಗೆ ಎಚ್ಚರವಾಯಿತು. ಹೆಲಿಕಾಪ್ಟರಿನಿಂದ ಒಬ್ಬ ಅಧಿಕಾರಿ ಇಳಿದು, "ಇಲ್ಲಿ ಕೂರೋಕೆ ನಿಮಗೆ ಯಾರು ಅನುಮತಿ ಕೊಟ್ರು?" ಅಂದ.

"ಇಲ್ಲಿ ಬಾಗ್ಲು ಇಲ್ದೆ ಗುಂಡಿಡೋಕೆ ನಿಮಗೆ ಯಾರು ಕೊಟ್ರಪ್ಪ?" ಅಂದಳು ರುಂಬಿ. ಎರಡೂ ಕುಲದ ಹೆಂಗಸರು ಒಟ್ಟಿಗೆ ನಕ್ಕದ್ದನ್ನು ನಾನು ಜೀವನದಲ್ಲಿ ಮೊದಲ ಸಲ ಕೇಳಿದೆ.

ಸೈನಿಕರು ಪೆಟ್ಟಿಗೆಗಳನ್ನು ಲಾರಿಗೆ ಹೇರಿಕೊಂಡು ಹೋದರು. ಬಾಗಿಲು ಇವತ್ತಿಗೂ ಬಂದಿಲ್ಲ. ಮಳೆ ಬಂದರೆ ಊರ ಹಂದಿಗಳು ಒಳಗೆ ನಿಲ್ಲುತ್ತವೆ. ಆದರೆ ಶಾಲೆ ತೆರೆದಿದೆ, ಸಂತೆ ಕೂಡಿದೆ. ಗುಡ್ಡದ ಕಡೆಯಿಂದ ಗುಂಡಿನ ಸದ್ದು ಕೇಳಿ ಬಹಳ ದಿನವಾಯಿತು. ನಿನ್ನ ಊರಿನ ಹೆಂಗಸರು ಎಂಥವರು ಎಂದು ನಿನ್ನ ಗೆಳತಿಯರಿಗೆ ಎದೆಯುಬ್ಬಿಸಿ ಹೇಳು ಮಗಳೇ.

ಶುಶ್ರೂಷೆಯ ಪರೀಕ್ಷೆ ಚೆನ್ನಾಗಿ ಬರೆ. ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಮುಟ್ಟಿದ ಗಾಯ ಬೇಗ ಮಾಯಲಿ ಎಂದು ದಿನವೂ ದೇವರನ್ನು ಬೇಡುತ್ತೇನೆ.

ನಿನ್ನ ಅಮ್ಮ,
ಮೋನಿಕಾ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಮೊನ್ನೆ ಇನ್ಸ್‌ಪೆಕ್ಟರ್ ಮನೆಗೆ ಬಂದಿದ್ದರು. ಕೊಟ್ಟ ಚಹಾ ಕುಡಿಯಲಿಲ್ಲ. "ಆವತ್ತು ಟೋಬಿಯಾಸ್ ಬಂದೂಕಲ್ಲಿ ಗುಂಡೇ ಇರ್ಲಿಲ್ಲಮ್ಮ," ಅಂದರು. "ಹಳೇದು ಮುಗಿದಿತ್ತು, ಹೊಸದು ಹೊಂದ್ಲಿಲ್ಲ. ಅವನಿಗೂ ಗೊತ್ತಿತ್ತು. ಹೋಗ್ಬೇಡ ಅಂದೆ. ಶಾಲೆ ಒಳಗೆ ಮಕ್ಕಳಿದ್ದಾರೆ ಸಾರ್ ಅಂದು ಹೋದ." ಊರೆಲ್ಲ ಅವನನ್ನು ವೀರ ಅನ್ನುತ್ತದೆ. ನಾನೂ ತಲೆಯೆತ್ತಿಯೇ ನಡೆಯುತ್ತೇನೆ. ಆದರೆ ಒಲೆಯ ಮುಂದೆ ಒಬ್ಬಳೇ ಕೂತಾಗ, ಆವತ್ತೊಂದು ದಿನ ಅವನು ಹೇಡಿಯಾಗಬಾರದಿತ್ತೇ ಅನ್ನಿಸುತ್ತದೆ. ಇದನ್ನು ಯಾರಿಗೂ ಹೇಳಬೇಡ.